ಬಾಸೆಲ್ಲನ್ನು ನದಿಯ ಕಡೆಯಿಂದ ನೋಡಬೇಕು

ಬಾಸೆಲ್ಲಿನಲ್ಲಿ ನೆಲೆಸಿದ ಮೇಲೆ ಪ್ರತಿ ಬೇಸಿಗೆಯಲ್ಲೂ ಊರಿನಿಂದ ಯಾರಾದರೊಬ್ಬರು ನಮ್ಮ ಮನೆಗೆ ಬರುತ್ತಾರೆ. ಬರುವವರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿರುವ ಸ್ವಿಟ್ಜರ್ಲೆಂಡ್ ಹಿಮ ಹೊದ್ದ ಬೆಟ್ಟಗಳದ್ದು, ಹಸಿರು ಇಳಿಜಾರಿನಲ್ಲಿ ಮೇಯುವ ಹಸುಗಳದ್ದು. ಫ್ರಾನ್ಸ್ ಮತ್ತು ಜರ್ಮನಿಗಳ ಗಡಿಗೆ ಅಂಟಿಕೊಂಡು, ದೇಶದ ವಾಯವ್ಯ ಮೂಲೆಯಲ್ಲಿ, ತಗ್ಗಿನ ನೆಲದಲ್ಲಿರುವ ನಮ್ಮ ಊರಿನಲ್ಲಿ ಇವೆರಡೂ ಇಲ್ಲ. ಆದ್ದರಿಂದ ಅವರ ಪ್ರವಾಸದ ಪಟ್ಟಿಯಲ್ಲಿ ಬಾಸೆಲ್ಲಿಗೆ ಅರ್ಧ ದಿನ ಮಾತ್ರ ಇರುತ್ತದೆ, ಅದೂ ನಾವು ಇಲ್ಲಿದ್ದೇವೆ ಎಂಬ ಕಾರಣಕ್ಕೆ. ನಾನು ಅವರನ್ನು ಒತ್ತಾಯಿಸಿ ಎರಡು ದಿನ ಉಳಿಸಿಕೊಳ್ಳುತ್ತೇನೆ. ಮೊದಲ ವರ್ಷಗಳಲ್ಲಿ ಎಲ್ಲರಂತೆ ರೈಲು ನಿಲ್ದಾಣದಿಂದ ಹೊರಟು, ಮಾರುಕಟ್ಟೆ ಚೌಕದ ಕೆಂಪು ಪುರಭವನ ತೋರಿಸಿ, ಚರ್ಚು ತೋರಿಸಿ, ಅಂಗಡಿ ಬೀದಿಗೆ ಕರೆದೊಯ್ಯುತ್ತಿದ್ದೆ. ಅತಿಥಿಗಳು ಎಲ್ಲವನ್ನೂ ಚೆನ್ನಾಗಿದೆ ಎಂದು ಹೇಳಿ, ಮರುದಿನ ಮರೆಯುತ್ತಿದ್ದರು. ಕೆಲವು ವರ್ಷಗಳಾದ ಮೇಲೆ ನನಗೆ ತಿಳಿದದ್ದೇನೆಂದರೆ, ಈ ಊರಿನ ಎಲ್ಲ ಕಥೆಗಳೂ ನದಿಯಿಂದ ಮೇಲಕ್ಕೆ ಹತ್ತಿ ಬಂದವು. ನದಿಯನ್ನು ಕೊನೆಯಲ್ಲಿ ಒಂದು ದೃಶ್ಯವಾಗಿ ತೋರಿಸಿದರೆ ಉಳಿದದ್ದಕ್ಕೆ ಅರ್ಥವೇ ಇರುವುದಿಲ್ಲ. ಹಾಗಾಗಿ ಈಗ ಮೊದಲ ಬೆಳಿಗ್ಗೆಯೇ ಅತಿಥಿಗಳನ್ನು ದೋಣಿ ಹತ್ತಿಸುತ್ತೇನೆ.

ಆಲ್ಪ್ಸ್ ಪರ್ವತಗಳಲ್ಲಿ ಹುಟ್ಟಿ, ಕಾನ್‌ಸ್ಟನ್ಸ್ ಸರೋವರವನ್ನು ಹಾದು, ಪಶ್ಚಿಮಕ್ಕೆ ಹರಿದು ಬರುವ ರೈನ್ ನದಿ ಬಾಸೆಲ್ಲಿನಲ್ಲಿ ಮೊಣಕಾಲು ಮಡಿಸಿದಂತೆ ಉತ್ತರಕ್ಕೆ ತಿರುಗುತ್ತದೆ. ಇಲ್ಲಿನವರು ಈ ತಿರುವನ್ನು ರೈನಿನ ಮೊಣಕಾಲು ಎಂದೇ ಕರೆಯುತ್ತಾರೆ. ತಿರುವಿನ ಎಡದಂಡೆಯ ಎತ್ತರದ ಮೇಲಿರುವುದು ಗ್ರೋಸ್‌ಬಾಸೆಲ್, ಅಂದರೆ ದೊಡ್ಡ ಬಾಸೆಲ್. ಬಲದಂಡೆಯ ಸಮತಟ್ಟಿನಲ್ಲಿರುವುದು ಕ್ಲೈನ್‌ಬಾಸೆಲ್, ಚಿಕ್ಕ ಬಾಸೆಲ್. ಚರ್ಚು, ವಿಶ್ವವಿದ್ಯಾಲಯ, ಹಳೆಯ ಶ್ರೀಮಂತರ ಮನೆಗಳು ಆ ಕಡೆ. ದುಡಿಯುವವರ ಬೀದಿಗಳು, ಬಂದರು, ಕಾರ್ಖಾನೆಗಳು ಈ ಕಡೆ. ಎರಡು ದಂಡೆಗಳ ನಡುವೆ ಇಂದು ಹಲವು ಸೇತುವೆಗಳಿವೆ. ಆದರೂ 1854ರಲ್ಲಿ ಆರಂಭವಾದ ದೋಣಿ ಸೇವೆ ಇನ್ನೂ ನಿಂತಿಲ್ಲ. ನಾಲ್ಕು ಕಡೆಗಳಲ್ಲಿ ನಾಲ್ಕು ಮರದ ದೋಣಿಗಳು ದಿನವಿಡೀ ಆಚೀಚೆ ದಾಟುತ್ತವೆ, ನಾಲ್ಕಕ್ಕೂ ಹೆಸರುಗಳಿವೆ. ಮುಖ್ಯ ಚರ್ಚಿನ ಕೆಳಗೆ ದಾಟುವ ದೋಣಿಯ ಹೆಸರು ಲೊಯ್, ಅಂದರೆ ಸಿಂಹ.

ಕಳೆದ ಸಲ ಬಂದವರು ನನ್ನ ಸೋದರಮಾವ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಹುಡುಗನಾಗಿದ್ದಾಗ ನೇತ್ರಾವತಿಯ ಕಡವು ದಾಟಿ ಶಾಲೆಗೆ ಹೋಗುತ್ತಿದ್ದವರು. ಕ್ಲೈನ್‌ಬಾಸೆಲ್ ದಂಡೆಯಲ್ಲಿ ದೋಣಿಗೆ ಕಾಯುತ್ತಿದ್ದಾಗ ಅವರು ನೀರಿನ ಸೆಳೆತವನ್ನೇ ನೋಡುತ್ತಿದ್ದರು. ಇಲ್ಲಿ ಸೆಕೆಂಡಿಗೆ ಸರಾಸರಿ ಸುಮಾರು 1,000 ಘನ ಮೀಟರ್ ನೀರು ಹರಿಯುತ್ತದೆ, ಅದರ ಓಟವನ್ನು ದಂಡೆಯಿಂದಲೇ ಅಳೆಯಬಹುದು. ದೋಣಿ ಬಂದು ನಾವು ಕುಳಿತು, ಅದು ಸದ್ದೇ ಇಲ್ಲದೆ ಹೊರಟಾಗ ಅವರು ನನ್ನ ಕಡೆ ತಿರುಗಿ, "ಎಂಜಿನ್ ಎಲ್ಲುಂಟು ಮಾರಾಯ್ತಿ? ಹುಟ್ಟೂ ಇಲ್ಲ, ಗಳವೂ ಇಲ್ಲ!" ಎಂದರು.

ಎಂಜಿನ್ ನಿಜವಾಗಿಯೂ ಇಲ್ಲ. ನದಿಗೆ ಅಡ್ಡಲಾಗಿ, ತಲೆಯ ಮೇಲೆ ಎತ್ತರದಲ್ಲಿ, ಒಂದು ಉಕ್ಕಿನ ಹಗ್ಗವನ್ನು ದಂಡೆಯಿಂದ ದಂಡೆಗೆ ಬಿಗಿದಿದ್ದಾರೆ. ಅದರ ಮೇಲೆ ಉರುಳುವ ಒಂದು ರಾಟೆಗೆ ದೋಣಿಯನ್ನು ಇನ್ನೊಂದು ಹಗ್ಗದಿಂದ ಕಟ್ಟಿದ್ದಾರೆ. ಅಂಬಿಗರು ಚುಕ್ಕಾಣಿಯನ್ನು ತಿರುಗಿಸಿ ದೋಣಿಯನ್ನು ಹರಿವಿಗೆ ಓರೆಯಾಗಿ ನಿಲ್ಲಿಸುತ್ತಾರೆ. ಹಗ್ಗ ದೋಣಿಯನ್ನು ಕೆಳಕ್ಕೆ ಹೋಗಲು ಬಿಡುವುದಿಲ್ಲ, ನೀರು ನೂಕುವುದನ್ನು ನಿಲ್ಲಿಸುವುದಿಲ್ಲ. ಆದ್ದರಿಂದ ದೋಣಿಗೆ ಅಡ್ಡಕ್ಕೆ ಸರಿಯದೆ ಬೇರೆ ದಾರಿಯಿಲ್ಲ. ಆಚೆ ದಡ ಮುಟ್ಟಿದ ಮೇಲೆ ಹಗ್ಗವನ್ನು ದೋಣಿಯ ಇನ್ನೊಂದು ಪಕ್ಕಕ್ಕೆ ಬದಲಿಸಿದರೆ ಅದೇ ನೀರು ಅದನ್ನು ಮರಳಿ ಈಚೆಗೆ ತರುತ್ತದೆ. ಮಾವ ಕೈಬೆರಳಿನಿಂದ ಅಂಗೈಯ ಮೇಲೆ ಬಲಗಳ ಗೆರೆಗಳನ್ನು ಎಳೆದು ನೋಡಿದರು. ಆಮೇಲೆ, ನೇತ್ರಾವತಿಯಲ್ಲಿ ಮಳೆಗಾಲದ ಸೆಳೆತಕ್ಕೆ ಎದುರಾಗಿ ಅಂಬಿಗ ಮೊದಲು ದಂಡೆಯುದ್ದಕ್ಕೂ ಮೇಲಕ್ಕೆ ಹೋಗಿ, ಅಲ್ಲಿಂದ ಓರೆಯಾಗಿ ಬಿಟ್ಟು, ಸರಿಯಾಗಿ ಎದುರಿನ ಕಡವಿಗೇ ತಂದು ಮುಟ್ಟಿಸುತ್ತಿದ್ದುದನ್ನು ನೆನಪಿಸಿಕೊಂಡರು. ಹೊಸ ಊರಿನ ಪರಿಚಯ ಆದದ್ದು ಆ ಕ್ಷಣದಲ್ಲಿ ಎಂದು ನಾನು ತಿಳಿದುಕೊಂಡಿದ್ದೇನೆ. ಅಲ್ಲಿಯವರೆಗೆ ಅವರು ನನ್ನ ಅತಿಥಿಯಾಗಿದ್ದರು, ಆಮೇಲೆ ಅವರಿಗೆ ಈ ನದಿಯೊಡನೆ ನೇರ ವ್ಯವಹಾರವಿತ್ತು.

ದೋಣಿಯಿಂದ ಇಳಿದು ಕಲ್ಲಿನ ಮೆಟ್ಟಿಲುಗಳನ್ನು ಹತ್ತಿದರೆ ಫಾಲ್ಟ್ಸ್ ಎಂಬ ಜಗಲಿ. ನೀರಿನಿಂದ ಸುಮಾರು 20 ಮೀಟರ್ ಎತ್ತರದ ಈ ಕಟ್ಟೆಯಿಂದ ನದಿಯ ತಿರುವು, ಎದುರಿನ ಮನೆಗಳ ಸಾಲು, ಅದರಾಚೆ ಜರ್ಮನಿಯ ಕಪ್ಪು ಕಾಡಿನ ಬೆಟ್ಟಗಳು, ಎಡಕ್ಕೆ ಫ್ರಾನ್ಸಿನ ವೋಜ್ ಬೆಟ್ಟಗಳು ಕಾಣುತ್ತವೆ. ಮೂರು ದೇಶಗಳನ್ನು ಒಂದೇ ಕಡೆ ನಿಂತು ನೋಡುವ ಆನಂದವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ, ಆದರೆ ಬೆನ್ನ ಹಿಂದಿರುವ ಕಟ್ಟಡ ಇನ್ನೂ ದೊಡ್ಡ ವಿಷಯ. ಕೆಂಪು ಮರಳುಗಲ್ಲಿನ ಈ ಮ್ಯೂನ್‌ಸ್ಟರ್ ಚರ್ಚನ್ನು 1019ರಲ್ಲಿ ಚಕ್ರವರ್ತಿ ಎರಡನೆಯ ಹೈನ್ರಿಖ್ ಸಮ್ಮುಖದಲ್ಲಿ ಪ್ರತಿಷ್ಠಾಪಿಸಲಾಯಿತು. 1356ರ ಅಕ್ಟೋಬರ್ 18ರಂದು ನಡೆದ ಭೂಕಂಪದಲ್ಲಿ ಊರಿನ ಬಹುಭಾಗದೊಂದಿಗೆ ಇದರ ಗೋಪುರಗಳೂ ಕಮಾನುಗಳೂ ಕುಸಿದವು. ಮಧ್ಯ ಯುರೋಪಿನ ದಾಖಲಿತ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ಭೂಕಂಪವಿಲ್ಲ. ಮೊದಲು ಐದು ಗೋಪುರಗಳಿದ್ದವು. ಮತ್ತೆ ಕಟ್ಟುವಾಗ ಎರಡೇ ಸಾಕೆಂದುಕೊಂಡರು. ಎರಡರ ಎತ್ತರವೂ ಒಂದೇ ಅಲ್ಲ ಎಂಬುದು ಸ್ವಲ್ಪ ಹೊತ್ತು ನೋಡಿದ ಮೇಲೆ ಗೊತ್ತಾಗುತ್ತದೆ. ಗೋಡೆಯ ಮೇಲಿನ ನೆರಳುಗಡಿಯಾರವನ್ನು ಕೂಡ ಅತಿಥಿಗಳಿಗೆ ತೋರಿಸುತ್ತೇನೆ, ಏಕೆಂದರೆ ಅದು ತಪ್ಪು ಗಂಟೆ ತೋರಿಸುತ್ತದೆ. 1798ರವರೆಗೆ ಬಾಸೆಲ್ಲಿನ ಗಡಿಯಾರಗಳು ಸುತ್ತಲಿನ ಊರುಗಳಿಗಿಂತ ಒಂದು ಗಂಟೆ ಮುಂದಿದ್ದವು; ಮುಗಿದ ಗಂಟೆಯ ಬದಲು ಆರಂಭವಾದ ಗಂಟೆಯನ್ನು ಎಣಿಸುವುದು ಇಲ್ಲಿನ ರೂಢಿಯಾಗಿತ್ತು.

ಒಳಗೆ ಎರಡು ಸಮಾಧಿ ಶಿಲೆಗಳ ಮುಂದೆ ನಾನು ತಪ್ಪದೆ ನಿಲ್ಲುತ್ತೇನೆ. ಒಂದು ರೋಟರ್‌ಡ್ಯಾಮಿನ ಎರಾಸ್ಮಸನದು. 1529ರಲ್ಲಿ ಈ ಊರು ಪ್ರಾಟೆಸ್ಟೆಂಟ್ ಪಂಥಕ್ಕೆ ತಿರುಗಿ ಚರ್ಚಿನ ವಿಗ್ರಹಗಳನ್ನು ಒಡೆದಾಗ ಎರಾಸ್ಮಸ್ ಮನನೊಂದು ಹತ್ತಿರದ ಫ್ರೈಬುರ್ಗಿಗೆ ಹೋಗಿ ನೆಲೆಸಿದ. 1535ರಲ್ಲಿ ಮರಳಿ ಬಂದು ಮರುವರ್ಷ ಇಲ್ಲಿಯೇ ತೀರಿಕೊಂಡ. ಕೊನೆಯವರೆಗೂ ಕ್ಯಾಥೊಲಿಕ್ ಆಗಿಯೇ ಉಳಿದ ಆ ವಿದ್ವಾಂಸನನ್ನು ಊರಿನವರು ತಮ್ಮ ಪ್ರಾಟೆಸ್ಟೆಂಟ್ ಚರ್ಚಿನಲ್ಲಿ ಗೌರವದಿಂದ ಮಣ್ಣು ಮಾಡಿದರು. ಧರ್ಮದ ಹೆಸರಿನಲ್ಲಿ ಯುರೋಪು ಹೊತ್ತಿ ಉರಿಯುತ್ತಿದ್ದ ಕಾಲದಲ್ಲಿ ನಡೆದ ಈ ಸಂಗತಿಯನ್ನು ನಾನು ಎಷ್ಟು ಸಲ ಹೇಳಿದರೂ ಸಣ್ಣದೆನಿಸಿಲ್ಲ.

ಇನ್ನೊಂದು, ಪಕ್ಕದ ಮೊಗಸಾಲೆಯಲ್ಲಿರುವ ಗಣಿತಜ್ಞ ಯಾಕೋಬ್ ಬರ್ನೂಲಿಯದು. 1705ರಲ್ಲಿ ತೀರಿಕೊಂಡ ಆತನಿಗೆ ಲಾಗರಿದಮಿಕ್ ಸುರುಳಿಯ ಮೇಲೆ ಬಹಳ ಪ್ರೀತಿ. ಎಷ್ಟು ದೊಡ್ಡದಾಗಿ ಬೆಳೆದರೂ ತನ್ನ ಆಕಾರವನ್ನು ಬಿಟ್ಟುಕೊಡದ ಆ ಸುರುಳಿಯನ್ನು ತನ್ನ ಸಮಾಧಿಯ ಮೇಲೆ ಕೆತ್ತಬೇಕೆಂದೂ, ಬದಲಾದರೂ ನಾನು ಅದೇ ಆಗಿ ಮತ್ತೆ ಏಳುತ್ತೇನೆ ಎಂಬ ಲ್ಯಾಟಿನ್ ಮಾತನ್ನು ಅದರ ಸುತ್ತ ಬರೆಯಬೇಕೆಂದೂ ಆತ ಬಯಸಿದ್ದ. ಮಾತು ಸರಿಯಾಗಿ ಬಂದಿದೆ, ಸುರುಳಿ ಬಂದಿಲ್ಲ. ಬರ್ನೂಲಿ ಕೇಳಿದ್ದು ಶಂಖದ ಸುರುಳಿ, ಸುತ್ತಿನಿಂದ ಸುತ್ತಿಗೆ ಅಗಲವಾಗುತ್ತ ಹೋಗುವಂಥದು; ಶಿಲ್ಪಿ ಕೆತ್ತಿದ್ದು ಚಕ್ಕುಲಿಯ ಸುರುಳಿ, ಸುತ್ತುಗಳ ನಡುವೆ ಎಲ್ಲೆಡೆ ಒಂದೇ ಅಂತರ. ಮಾವ ಆ ಕಲ್ಲಿನ ಮುಂದೆ ನಿಂತಷ್ಟು ಹೊತ್ತು ಬೇರೆ ಯಾವ ಕಡೆಯೂ ನಿಲ್ಲಲಿಲ್ಲ. "ಪಾಪ, ಅವನಿಗೆ ಯಾರಾದರೂ ಕಾಗದದ ಮೇಲೆ ಚಿತ್ರ ಬರೆದುಕೊಡಬೇಕಿತ್ತು" ಎಂದು ಶಿಲ್ಪಿಯ ಪರವಾಗಿ ಹೇಳಿದರು.

ಕಾಗದ ಈ ಊರಿನಲ್ಲಿ ಕೊರತೆಯಾಗಿದ್ದ ವಸ್ತುವಲ್ಲ. 1431ರಿಂದ 1448ರವರೆಗೆ ಇಲ್ಲಿ ಕ್ರೈಸ್ತ ಧರ್ಮಾಧಿಕಾರಿಗಳ ಮಹಾಸಭೆ ನಡೆಯಿತು. ಯುರೋಪಿನ ಮೂಲೆಮೂಲೆಗಳಿಂದ ಬಂದ ಬಿಷಪ್ಪರು, ಅವರ ಬರಹಗಾರರು, ವಕೀಲರು ವರ್ಷಗಟ್ಟಲೆ ಬರೆದರು. ಬರೆಯುವುದಕ್ಕೆ ಕಾಗದ ಬೇಕಾಯಿತು. ನದಿಗೆ ಸೇರುವ ಸಣ್ಣ ಹೊಳೆಯಿಂದ ತೋಡಿಕೊಂಡ ಕಾಲುವೆಯೊಂದು ಸೇಂಟ್ ಆಲ್ಬನ್ ಕಣಿವೆಯಲ್ಲಿ ಹಿಟ್ಟಿನ ಗಿರಣಿಗಳನ್ನು ತಿರುಗಿಸುತ್ತಿತ್ತು. ಆ ಗಿರಣಿಗಳಲ್ಲಿ ಹಲವು ಹದಿನೈದನೇ ಶತಮಾನದಲ್ಲಿ ಕಾಗದದ ಗಿರಣಿಗಳಾದವು. ಸಭೆಯಲ್ಲಿ ಕಾರ್ಯದರ್ಶಿಯಾಗಿ ದುಡಿದಿದ್ದ ಒಬ್ಬ ವಿದ್ವಾಂಸ ಮುಂದೆ ಎರಡನೆಯ ಪಿಯಸ್ ಎಂಬ ಹೆಸರಿನಲ್ಲಿ ಪೋಪ್ ಆದಾಗ, ಆತನ ಅನುಮತಿಯಿಂದ 1460ರಲ್ಲಿ ಬಾಸೆಲ್ ವಿಶ್ವವಿದ್ಯಾಲಯ ಹುಟ್ಟಿತು. ಸ್ವಿಟ್ಜರ್ಲೆಂಡಿನಲ್ಲಿ ಅದಕ್ಕಿಂತ ಹಳೆಯ ವಿಶ್ವವಿದ್ಯಾಲಯವಿಲ್ಲ. ಕಾಗದ, ವಿದ್ವಾಂಸರು, ಪುಸ್ತಕದ ಪೀಪಾಯಿಗಳನ್ನು ಉತ್ತರಕ್ಕೆ ಸಾಗಿಸುವ ನದಿ, ಈ ಮೂರೂ ಒಂದೆಡೆ ಸೇರಿದ ಮೇಲೆ ಮುದ್ರಕರು ಬಾರದೆ ಇರುತ್ತಾರೆಯೇ? ಎರಾಸ್ಮಸ್ ಸಂಪಾದಿಸಿದ ಗ್ರೀಕ್ ಹೊಸ ಒಡಂಬಡಿಕೆಯನ್ನು 1516ರಲ್ಲಿ ಯೋಹಾನ್ ಫ್ರೋಬೆನ್ ಇಲ್ಲಿ ಅಚ್ಚು ಹಾಕಿದ. ಮನುಷ್ಯನ ದೇಹದ ಒಳಗನ್ನು ವೈದ್ಯರಿಗೆ ಮೊದಲ ಬಾರಿ ನಿಖರವಾಗಿ ತೋರಿಸಿಕೊಟ್ಟ ವೆಸಾಲಿಯಸನ ಮಹಾಗ್ರಂಥ 1543ರಲ್ಲಿ ಯೋಹಾನಸ್ ಓಪೊರಿನಸನ ಮುದ್ರಣಾಲಯದಿಂದ ಹೊರಬಂತು. ಆ ಕೆಲಸಕ್ಕಾಗಿ ಇಲ್ಲಿಗೆ ಬಂದಿದ್ದ ವೆಸಾಲಿಯಸ್ ಜೋಡಿಸಿಟ್ಟ ಅಸ್ಥಿಪಂಜರವೊಂದು ಇಂದಿಗೂ ವಿಶ್ವವಿದ್ಯಾಲಯದ ಅಂಗರಚನಾ ಸಂಗ್ರಹಾಲಯದಲ್ಲಿದೆ. ಅದೇ ಓಪೊರಿನಸ್ ಕುರಾನಿನ ಲ್ಯಾಟಿನ್ ಅನುವಾದವನ್ನು ಅಚ್ಚಿಗೆ ಹಾಕಿದ್ದಕ್ಕಾಗಿ ನಗರದ ಆಡಳಿತ ಅವನನ್ನು ಸ್ವಲ್ಪ ಕಾಲ ಸೆರೆಯಲ್ಲಿಟ್ಟಿತು ಎಂಬುದನ್ನೂ ನಾನು ಹೇಳುತ್ತೇನೆ. ಊರನ್ನು ಪರಿಚಯಿಸುವಾಗ ಅದರ ಉದಾರತೆಯನ್ನಷ್ಟೇ ಹೇಳಿ ಅದರ ಭಯವನ್ನು ಮುಚ್ಚಿಡುವುದು ಅತಿಥಿಗೆ ಮಾಡುವ ಅನ್ಯಾಯ.

ಸೇಂಟ್ ಆಲ್ಬನ್ ಕಣಿವೆಯ ಒಂದು ಹಳೆಯ ಗಿರಣಿ ಈಗ ಕಾಗದ ಮತ್ತು ಮುದ್ರಣದ ವಸ್ತುಸಂಗ್ರಹಾಲಯ. ಹೊರಗೆ ನೀರಿನ ಚಕ್ರ ತಿರುಗುತ್ತಿರುತ್ತದೆ, ಒಳಗೆ ಬಂದವರು ಜಾಲರಿಯ ಚೌಕಟ್ಟನ್ನು ತೊಟ್ಟಿಯಲ್ಲಿ ಅದ್ದಿ ತಮ್ಮ ಕೈಯಿಂದಲೇ ಒಂದು ಹಾಳೆ ಮಾಡಬಹುದು. ಒಂದೇ ಒಂದು ಸಂಗ್ರಹಾಲಯ ನೋಡಲು ಸಮಯವಿದೆ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಲೋಕಪ್ರಸಿದ್ಧವಾದ ಕಲಾಸಂಗ್ರಹಾಲಯ ನಂತರದ ಮಾತು, ಅದರ ಗೋಡೆಗಳ ಮೇಲೆ ಹೋಲ್ಬೈನನಿಂದ ಪಿಕಾಸೊವರೆಗೆ ಎಲ್ಲರೂ ಇದ್ದಾರೆಂಬುದು ನಿಜವಾದರೂ. 1967ರಲ್ಲಿ ಪಿಕಾಸೊನ ಎರಡು ಚಿತ್ರಗಳು ಮಾರಾಟವಾಗಿ ಊರು ಬಿಡಲಿದ್ದಾಗ ನಾಗರಿಕರು ಮತ ಚಲಾಯಿಸಿ ಸಾರ್ವಜನಿಕ ಹಣದಿಂದ ಅವುಗಳನ್ನು ಉಳಿಸಿಕೊಂಡರು; ಅದನ್ನು ಕೇಳಿ ಸಂತೋಷಗೊಂಡ ಕಲಾವಿದ ಇನ್ನೂ ನಾಲ್ಕನ್ನು ಉಡುಗೊರೆಯಾಗಿ ಕೊಟ್ಟ.

ಅಲ್ಲಿಂದ ದಂಡೆಯುದ್ದಕ್ಕೂ ಕೆಳಕ್ಕೆ ನಡೆದರೆ ಮಧ್ಯ ಸೇತುವೆ. ಬಿಷಪ್ ಹೈನ್ರಿಖ್ ಫಾನ್ ಥೂನ್ 1226ರ ಸುಮಾರಿಗೆ ಕಟ್ಟಿಸಿದ ಮೊದಲ ಸೇತುವೆ ಶತಮಾನಗಳ ಕಾಲ ಇದೇ ಜಾಗದಲ್ಲಿತ್ತು. ಈಗಿನ ಕಲ್ಲಿನ ಸೇತುವೆ 1905ರದು. ಚಿಕ್ಕ ಬಾಸೆಲ್ ಎಂಬುದು ಊರಾದದ್ದೇ ಸೇತುವೆಯ ತುದಿಯನ್ನು ಕಾಯುವುದಕ್ಕೆ. ನಡುವಿನಲ್ಲಿರುವ ಪುಟ್ಟ ಗುಡಿಯ ಮುಂದೆ ಪ್ರವಾಸಿಗಳು ನಗುತ್ತ ಫೋಟೊ ತೆಗೆಸಿಕೊಳ್ಳುತ್ತಾರೆ. ಪ್ರೇಮಿಗಳು ಅದರ ಕಬ್ಬಿಣದ ಬಾಗಿಲಿಗೆ ಬೀಗ ಹಾಕಿ ಹೋಗುತ್ತಾರೆ. ಹಿಂದೆ ಮರಣದಂಡನೆಗೆ ಗುರಿಯಾದವರನ್ನು ಕೈಕಾಲು ಕಟ್ಟಿ ನೀರಿಗೆ ನೂಕುತ್ತಿದ್ದ ಜಾಗ ಅದು. ಇದನ್ನು ಹೇಳಬೇಕೋ ಬೇಡವೋ ಎಂದು ಬಹಳ ದಿನ ಅಳುಕಿದ್ದೆ, ಈಗ ಹೇಳುತ್ತೇನೆ.

ನದಿಯ ಇತ್ತೀಚಿನ ಕಥೆಯೂ ಸುಲಭದ್ದಲ್ಲ. 1986ರ ನವೆಂಬರ್ 1ರ ನಸುಕಿನಲ್ಲಿ, ಊರಿನ ಮೇಲುಭಾಗದ ಶ್ವೈಟ್ಸರ್‌ಹಾಲೆಯಲ್ಲಿದ್ದ ಸ್ಯಾಂಡೋಜ್ ಕಂಪನಿಯ ರಾಸಾಯನಿಕ ಉಗ್ರಾಣಕ್ಕೆ ಬೆಂಕಿ ಬಿತ್ತು. ಬೆಂಕಿ ಆರಿಸಲು ಹಾಯಿಸಿದ ನೀರು ಟನ್ನುಗಟ್ಟಲೆ ಕೀಟನಾಶಕವನ್ನೂ ಬಣ್ಣವನ್ನೂ ಹೊತ್ತು ರೈನಿಗೆ ಇಳಿಯಿತು. ಅಪಾಯದ ಸೈರನ್ನುಗಳು ಕೂಗಿ, ಜನರು ಕಿಟಕಿ ಮುಚ್ಚಿ ಮನೆಯೊಳಗೇ ಉಳಿಯಬೇಕಾಯಿತು. ಬೆಳಕಾದಾಗ ನದಿ ಕೆಂಪಾಗಿತ್ತು. ಕೆಳಹರಿವಿನಲ್ಲಿ ನೂರಾರು ಕಿಲೊಮೀಟರ್‌ವರೆಗೆ ಹಾವುಮೀನುಗಳು ಸತ್ತು ತೇಲಿದವು. ನದಿ ಒಂದೇ, ದಂಡೆಯ ದೇಶಗಳು ಹಲವು. ಮರುವರ್ಷವೇ ಆ ದೇಶಗಳು ಸೇರಿ ನದಿಯನ್ನು ಸ್ವಚ್ಛಗೊಳಿಸುವ ಕಾರ್ಯಕ್ರಮವನ್ನು ಒಪ್ಪಿಕೊಂಡವು. ಕೊಳಕು ನೀರಿನ ಶುದ್ಧೀಕರಣ, ಕಾರ್ಖಾನೆಗಳಲ್ಲಿ ಬೆಂಕಿ ಆರಿಸಿದ ನೀರನ್ನು ಹಿಡಿದಿಡುವ ತೊಟ್ಟಿಗಳು, ಸಾಲ್ಮನ್ ಮೀನು ಮರಳಿ ಬರಬೇಕೆಂಬ ಗುರಿ, ಎಲ್ಲವೂ ಆ ಕೆಂಪು ಬೆಳಗಿನ ನಂತರ ವೇಗ ಪಡೆದವು.

ಇದನ್ನು ಕೇಳಿದ ಮೇಲೆ ಬೇಸಿಗೆಯ ಸಂಜೆಯ ದೃಶ್ಯ ಬೇರೆಯದೇ ಆಗಿ ಕಾಣುತ್ತದೆ. ಕಚೇರಿ ಮುಗಿಸಿದ ಜನರು ಕ್ಲೈನ್‌ಬಾಸೆಲ್ ದಂಡೆಯಲ್ಲಿ ಮೇಲಕ್ಕೆ ನಡೆದು ಹೋಗಿ, ಬಟ್ಟೆ, ಚಪ್ಪಲಿ, ಫೋನುಗಳನ್ನು ಮೀನಿನ ಆಕಾರದ, ನೀರು ಒಳಹೋಗದ ಬಣ್ಣದ ಚೀಲದಲ್ಲಿ ತುಂಬಿ, ಬಾಯಿ ಸುತ್ತಿ ಕಟ್ಟಿ, ಅದನ್ನು ಅಪ್ಪಿಕೊಂಡು ನದಿಗೆ ಇಳಿಯುತ್ತಾರೆ. ಈಜುವುದಕ್ಕಿಂತ ತೇಲುವುದೇ ಹೆಚ್ಚು. ಮ್ಯೂನ್‌ಸ್ಟರಿನ ಗೋಪುರಗಳು, ಸೇತುವೆಯ ಕಮಾನುಗಳು ತಲೆಯ ಮೇಲಿನಿಂದ ಹಾದುಹೋಗುತ್ತವೆ. ಕೆಳಗಡೆ ಎಲ್ಲೋ ಹತ್ತಿ, ಚೀಲ ಬಿಚ್ಚಿ, ಒಣಬಟ್ಟೆ ತೊಟ್ಟು ಮನೆಗೆ ಹೋಗುತ್ತಾರೆ. ಹೊಸಬರಿಗೆ ನಾನು ಹೇಳುವುದು ಇಷ್ಟೇ: ಚೆನ್ನಾಗಿ ಈಜು ಬಾರದವರು ಇಳಿಯಬಾರದು, ಒಬ್ಬರೇ ಇಳಿಯಬಾರದು, ಬಲದಂಡೆಯ ಪಕ್ಕವನ್ನು ಬಿಟ್ಟು ನಡುನೀರಿಗೆ ಹೋಗಬಾರದು, ಏಕೆಂದರೆ ಅಲ್ಲಿ ಸರಕಿನ ಹಡಗುಗಳು ಓಡಾಡುತ್ತವೆ. ಸಮುದ್ರವಿಲ್ಲದ ಈ ದೇಶದ ಬಂದರು ನಮ್ಮ ಊರಿನಲ್ಲೇ ಇದೆ.

ಎರಡನೆಯ ದಿನದ ಬೆಳಿಗ್ಗೆ ಕನ್ನಡದ ಅತಿಥಿಗಳನ್ನು ಮಾತ್ರ ಕರೆದೊಯ್ಯುವ ಒಂದು ಮನೆಯಿದೆ. ಹಳೆಯ ಕೋಟೆಬಾಗಿಲಾದ ಶ್ಪಾಲೆನ್‌ಟೋರ್ ದಾಟಿ ಸ್ವಲ್ಪ ನಡೆದರೆ ಮಿಶನ್ ಬೀದಿಯ 21ನೇ ಸಂಖ್ಯೆಯ ಕಟ್ಟಡ. 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್ನಿನ ಮನೆ ಅದು. ಈಗ ಒಂದು ಭಾಗ ಹೋಟೆಲಾಗಿದೆ, ಸಂಸ್ಥೆಯ ದಾಖಲೆಗಳ ಭಂಡಾರವೂ ಅಲ್ಲಿದೆ. ಸಂಸ್ಥೆಯ ಮೂವರು ಪಾದ್ರಿಗಳಾದ ಹೆಬಿಕ್, ಲೇನರ್ ಮತ್ತು ಗ್ರೈನರ್ 1834ರಲ್ಲಿ ಮಂಗಳೂರಿಗೆ ಬಂದರು. ಅವರ ಹಿಂದೆ ಬಂದ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಮಂಗಳೂರು ಸಮಾಚಾರವನ್ನು ಹೊರತಂದರು. ಆ ದಿನವನ್ನೇ ನಾವು ಇಂದಿಗೂ ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಫರ್ಡಿನಾಂಡ್ ಕಿಟ್ಟೆಲ್ ಅವರ, ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಇವರಲ್ಲಿ ಹೆಚ್ಚಿನವರು ಬಾಸೆಲ್ಲಿನವರಲ್ಲ, ಜರ್ಮನಿಯ ಬಡ ಹಾಗೂ ಮಧ್ಯಮ ಮನೆಗಳ ಮಕ್ಕಳು. ಈಗಿನ ಕಟ್ಟಡ 1860ರದಾದ್ದರಿಂದ ಕಿಟ್ಟೆಲ್ ಕಲಿತದ್ದು ಇದರೊಳಗಲ್ಲ ಎಂಬುದನ್ನೂ ಹೇಳಬೇಕು.

ಇಲ್ಲಿ ನಿಂತಾಗ ಮನಸ್ಸು ತುಂಬಿ ಬರುತ್ತದೆ, ಆದರೆ ಭಾವುಕತೆಯೊಂದಿಗೆ ಸತ್ಯವನ್ನೂ ಹೇಳಬೇಕೆಂದು ನನ್ನ ಹಠ. ಅವರು ಸಮುದ್ರ ದಾಟಿ ಬಂದದ್ದು ನಮ್ಮ ಭಾಷೆಗೆ ನಿಘಂಟು ಬರೆದುಕೊಡುವುದಕ್ಕಲ್ಲ, ನಮ್ಮವರನ್ನು ತಮ್ಮ ಧರ್ಮಕ್ಕೆ ತರುವುದಕ್ಕೆ. ನಮ್ಮ ನಂಬಿಕೆಗಳನ್ನು ಅವರು ಕತ್ತಲೆಯೆಂದೇ ಎಣಿಸಿದ್ದರು. ಹಾಗೆ ಎಣಿಸಿದವರೇ ಆ ಭಾಷೆಯ ಹಳಗನ್ನಡ ಕಾವ್ಯಗಳ ಓಲೆಗಳನ್ನು ಹುಡುಕಿ ಅಚ್ಚು ಹಾಕಿದರು, ಛಂದಸ್ಸನ್ನು ಕಲಿತರು, ಬದುಕಿನ ಹಲವು ದಶಕಗಳನ್ನು ಪದಗಳ ಅರ್ಥ ಕೇಳುತ್ತ ಕಳೆದರು. ಎರಡೂ ಅದೇ ಜನರ ಕೆಲಸ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಈ ಮನೆಯ ಮುಂದೆ ನಿಂತದ್ದಕ್ಕೆ ಅರ್ಥವಿಲ್ಲ.

ಮಾವನಿಗೆ ನಾನು ಹೇಳಿದ ಇಸವಿಗಳು ಹೊಸದಾಗಿರಲಿಲ್ಲ. ಅವರು ಕಟ್ಟಡದ ಚಾವಣಿಯನ್ನು ನೋಡುತ್ತಿದ್ದರು. ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯ ಜೇಡಿಮಣ್ಣಿನಿಂದ ಹಂಚು ಮಾಡಲು ಆರಂಭಿಸಿದರು. ಮಾವನ ತಂದೆಯವರು ಕಟ್ಟಿಸಿದ ಮನೆಗೆ ಹೊದಿಸಿದ್ದು ಅದೇ ಹಂಚು. ಹುಡುಗನಾಗಿದ್ದಾಗ ಚಾಪೆಯ ಮೇಲೆ ಅಂಗಾತ ಮಲಗಿದರೆ ಹಂಚಿನ ಒಳಮೈಯಲ್ಲಿ ಒತ್ತಿದ ಇಂಗ್ಲಿಷ್ ಅಕ್ಷರಗಳು ಕಾಣುತ್ತಿದ್ದವು. ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುವ ಮೊದಲೇ ಅಣ್ಣನ ಸಹಾಯದಿಂದ ಅವುಗಳನ್ನು ಒಂದೊಂದಾಗಿ ಕೂಡಿಸಿ ಓದಲು ಕಲಿತರಂತೆ. "ಬಾಸೆಲ್ ಎನ್ನುವುದು ಹಂಚಿನ ಹೆಸರು ಎಂದೇ ತಿಳಿದಿದ್ದೆ, ಅಂಥದೊಂದು ಊರು ಉಂಟು ಅಂತ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ" ಎಂದರು.

ಆ ಸಂಜೆ ಅವರು, ನೀನು ಬರುವುದು ಬೇಡ, ನಾನೊಬ್ಬನೇ ಹೋಗಿ ಬರುತ್ತೇನೆ ಎಂದು ದೋಣಿಯ ಕಡೆಗೆ ಹೊರಟರು. ದಂಡೆಯ ಕಟ್ಟೆಯಲ್ಲಿ ಒಂದು ಗಂಟೆ ಇರುತ್ತದೆ, ದೋಣಿ ಆಚೆ ದಡದಲ್ಲಿದ್ದರೆ ಅದನ್ನು ಬಾರಿಸಬೇಕು ಎಂದು ಹೇಳಿ ಕಳುಹಿಸಿದೆ. ಕತ್ತಲಾಗುವ ಹೊತ್ತಿಗೆ ಮರಳಿ ಬಂದಾಗ ಎಷ್ಟು ಸಲ ದಾಟಿದಿರಿ ಎಂದು ಕೇಳಿದೆ. ನಾಲ್ಕು ಸಲ ಎಂದರು.